ಡ್ರಿಲ್ಲಿನ ಹುಟ್ಟೂರು

ನಮ್ಮ ಬಳಗದಲ್ಲಿ ಯಾರದೇ ಮದುವೆ ಮಾತುಕತೆ ನಡೆಯಲಿ, ಬೀಗರಾಗುವವರ ವಿಚಾರಣೆಗೆ ಕಳಿಸುವುದು ನನ್ನನ್ನೇ. ಹುಡುಗನ ಅಜ್ಜ ಯಾವ ಊರಿನಿಂದ ಬಂದ, ಹೊಲ ಸ್ವಂತದ್ದೋ ಗೇಣಿಯದೋ, ಎಲ್ಲವನ್ನೂ ಕೆದಕಿ ತೆಗೆಯುತ್ತೇನೆ. ಇಂಥ ಮನುಷ್ಯನಿಗೆ ಒಂದು ಡ್ರಿಲ್ ಮಷಿನ್ ಕೊಳ್ಳುವುದು ಯಾವ ಮಹಾ ಕೆಲಸ?

ಡ್ರಿಲ್ ಬೇಕಾದದ್ದು ತೊಟ್ಟಿಲಿಗೆ. ಮಗಳ ಚೊಚ್ಚಲ ಕೂಸನ್ನು ಮೂಡಲಗಿಯ ನಮ್ಮ ಮನೆಯಲ್ಲಿ ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ. ಹುಕ್ಕೇರಿಯಿಂದ ಬೀಗರು ಬರುವವರಿದ್ದರು. ಮಗಳು ಮಲಗಿ ಬೆಳೆದ ಸಾಗವಾನಿ ತೊಟ್ಟಿಲನ್ನೇ ಕಟ್ಟಬೇಕೆಂದು ಹೆಂಡತಿ ಸುವರ್ಣಾಳ ಹಟ. ಹಳೇ ಮನೆಯಲ್ಲಿ ಅದನ್ನು ಕಟ್ಟಲು ತೊಲೆ ಇತ್ತು. ಹೊಸ ಮನೆಯ ಸ್ಲ್ಯಾಬಿಗೆ ಒಂದು ಕೊಂಡಿ ಬಿಡಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ.

"ಎಲೆಕ್ಟ್ರಿಶಿಯನ್‌ಗ ಹೇಳ್ರಿ. ತೂತ ಹಾಕಿ ಕೊಂಡಿ ಬಡದ ಹೋಗ್ತಾನ," ಅಂದಳು ಸುವರ್ಣಾ.

"ಯಾಕ, ಮನ್ಯಾಗ ಗಂಡಸ ಇಲ್ಲೇನ?" ಅಂದೆ. ಅಷ್ಟು ಅಂದು ಕೆಟ್ಟೆ.

ಡ್ರಿಲ್ಲುಗಳ ಮೇಲೆ ನನಗೆ ಹಳೆಯ ಸಿಟ್ಟಿತ್ತು. ಹಿಂದೊಮ್ಮೆ ಸಂತೆಯಿಂದ ಒಂದನ್ನು ತಂದಿದ್ದೆ. ಡಬ್ಬಿಯ ತುಂಬ ಕೇಸರಿ, ಬಿಳಿ, ಹಸಿರು. 'ಮೇಡ್ ಇನ್ ಇಂಡಿಯಾ' ಎಂದು ಗೇಣುದ್ದದ ಅಕ್ಷರ. ಒಳಗಿನ ಸೂಚನೆಯ ಹಾಳೆ ಮಾತ್ರ ಮೂಡಲಗಿಯಲ್ಲಿ ಯಾರೂ ಓದಲಾರದ ಲಿಪಿಯಲ್ಲಿತ್ತು. ಕ್ಯಾಲೆಂಡರ್ ತೂಗುಹಾಕಲು ಒಂದು ತೂತು ಹಾಕುವಷ್ಟರಲ್ಲಿ ಹೊಗೆ ಬಿಟ್ಟು ಪ್ರಾಣ ಬಿಟ್ಟಿತು. ನಮ್ಮ ದೇಶದ್ದು ಡಬ್ಬಿ ಮಾತ್ರ! ದೇಶದ ಹೆಸರು ಹೇಳಿ ರಟ್ಟು ಮಾರುತ್ತಾರಲ್ಲ, ಇವರಿಗೆ ಮಾನ ಮರ್ಯಾದೆ ಬೇಡವೇ? ಅಂದಿನಿಂದ ಯಾವ ಚೀಟಿಯನ್ನೂ ನಂಬುವುದಿಲ್ಲವೆಂದು ಶಪಥ ಮಾಡಿದ್ದೆ.

ಹೀಗಾಗಿ ಈ ಸಲ ಗೋಕಾಕದ ದೊಡ್ಡ ಅಂಗಡಿಗೇ ಹೋದೆ. ಮಾಲೀಕ ಈರಣ್ಣ ಒಂದು ಡ್ರಿಲ್ ತೆಗೆದು ಮುಂದಿಟ್ಟ. ನಾನು ವಿಚಾರಣೆ ಶುರು ಮಾಡಿದೆ.

"ಇದರ ಊರ ಯಾವುದ್ರಿ?"

"ನಮ್ಮ ದೇಶದ್ದ ಐತ್ರಿ."

"ಅದು ಚೀಟಿ ಹೇಳೂ ಮಾತ. ಮೋಟಾರ ಎಲ್ಲೀದು? ಗೇರ್ ಎಲ್ಲೀದು? ಎಲ್ಲಾ ಹೊರಗಿಂದ ತಂದು ಇಲ್ಲಿ ಬರೇ ಸ್ಕ್ರೂ ತಿರುವಿದ್ರ ನಮ್ಮದ ಆಗತೈತೇನ?"

ಈರಣ್ಣ ಬಾಗಿಲ ಬಳಿ ಬಿದ್ದಿದ್ದ ಕಲ್ಲನ್ನು ಎಳೆದುಕೊಂಡು, ಪ್ಲಗ್ ಹಾಕಿ, ತೂತು ಕೊರೆದು ತೋರಿಸಿದ. ಬೆಣ್ಣೆಯಲ್ಲಿ ಬೆರಳಿಟ್ಟಂತೆ ಇಳಿಯಿತು.

"ಚೀಟಿ ಬಿಡ್ರಿ, ಸಾಹೇಬ್ರ. ಕೆಲಸ ನೋಡ್ರಿ."

ಕೊಂಡುಕೊಂಡೆ. ಆದರೆ ಬಸ್ಸಿನಲ್ಲಿ ಕೂತ ಮೇಲೆ ಆ 'ಬಿಡ್ರಿ' ಚುಚ್ಚತೊಡಗಿತು. ಗಂಡಿನ ಕಡೆಯವರು 'ಹಳೇದೆಲ್ಲ ಬಿಡ್ರಿ, ಹುಡುಗನ್ನ ನೋಡ್ರಿ' ಅಂದರೆ ಅಲ್ಲಿ ಏನೋ ಹುಳುಕಿದೆ ಎಂಬುದೇ ನನ್ನ ಅನುಭವ.

ಕಾರ್ಯದ ದಿನ ಬೆಳಿಗ್ಗೆ ಸುವರ್ಣಾ ಪಡಸಾಲೆಯಲ್ಲಿ ಗುಗ್ಗರಿ ಆರಲು ಹಾಕಿದ್ದಳು. ತೊಟ್ಟಿಲ ಕಾರ್ಯಕ್ಕೆ ಬಂದವರಿಗೆ ಹಂಚುವ ಬೇಯಿಸಿದ ಕಾಳು ಅದು. ನಾನು ಪಕ್ಕದಲ್ಲೇ ಪೇಪರ್ ಹಾಸಿ, ಡ್ರಿಲ್ಲನ್ನು ಅಂಗಾತ ಮಲಗಿಸಿ, ಸ್ಕ್ರೂ ಬಿಚ್ಚತೊಡಗಿದೆ.

"ಏನ ಮಾಡಾಕತ್ತೀರಿ?"

"ವಿಚಾರಣಿ."

"ಮೊದಲ ತೂತ ಹಾಕ್ರಿ. ಆಮ್ಯಾಲ ವಿಚಾರಣಿ ಮಾಡ್ರಿ."

"ಲಗ್ನ ಆದ ಮ್ಯಾಲ ವಿಚಾರಿಸಿದ್ರ ಏನ ಬಂತು?" ಅಂದೆ.

ಕವಚ ಎತ್ತಿದೆ. ಒಳಗಿನಿಂದ ಒಂದು ಸ್ಪ್ರಿಂಗ್ ಟಣ್ಣನೆ ಹಾರಿ ಗುಗ್ಗರಿಯಲ್ಲಿ ಬಿತ್ತು. ನಾನು ಗಣಿಸಲಿಲ್ಲ. ಸತ್ಯ ಹತ್ತಿರವಿತ್ತು. ಕನ್ನಡಕ ಏರಿಸಿ ನೋಡಿದೆ. ಮೋಟಾರಿನ ಮೇಲೆ 'ಮೇಡ್ ಇನ್ ಇಂಡಿಯಾ'. ಗೇರಿನ ಮೇಲೆಯೂ ಅದೇ. ಎದೆ ತುಂಬಿ ಬಂತು.

"ನೋಡಿಲ್ಲೆ, ಖರೆನ ನಮ್ಮ ದೇಶದ್ದ ಐತಿ!"

ಸುವರ್ಣಾ ಪೇಪರಿನ ಮೇಲೆ ಹರಡಿದ್ದ ಸಾಮಾನನ್ನೆಲ್ಲ ನಿಧಾನವಾಗಿ ನೋಡಿದಳು. "ಛಲೋ ಆತು. ಈಗ ತೂತ ಹಾಕ್ರಿ."

ಜೋಡಿಸಿದೆ. ಕವಚ ಮುಚ್ಚಿದ ಮೇಲೂ ಪೇಪರಿನಲ್ಲಿ ಒಂದು ಹಿಡಿ ಸಾಮಾನು ಉಳಿದಿತ್ತು. ಗುಂಡಿ ಒತ್ತಿದೆ. ಅದು ಮಾತಾಡಲಿಲ್ಲ. ಈರಣ್ಣನಿಗೆ ಫೋನ್ ಮಾಡಿದರೆ, ಬಿಚ್ಚಿದ ಮೇಲೆ ಗ್ಯಾರಂಟಿ ಇಲ್ಲ ಅಂದ. ಎಂಥ ಅನ್ಯಾಯ! ಒಳಗೇನಿದೆ ಎಂದು ನೋಡದವನಿಗೆ ಗ್ಯಾರಂಟಿ ಉಂಟಂತೆ, ನೋಡಿದವನಿಗೆ ಇಲ್ಲವಂತೆ. ಎಲೆಕ್ಟ್ರಿಶಿಯನ್ ಅರಭಾವಿಯಲ್ಲಿ ಕೆಲಸ ಹಿಡಿದಿದ್ದ, ಸಂಜೆಯವರೆಗೆ ಬರುವಂತಿರಲಿಲ್ಲ. ಅಷ್ಟರಲ್ಲಿ ಬೀಗರ ಗಾಡಿ ಬಾಗಿಲಿಗೆ ಬಂದು ನಿಂತಿತು.

ಮಗಳು ಕೂಸನ್ನು ಎತ್ತಿಕೊಂಡು, ನೆಲದ ಮೇಲಿದ್ದ ತೊಟ್ಟಿಲನ್ನೂ ಬೋಳು ಸ್ಲ್ಯಾಬನ್ನೂ ನೋಡುತ್ತ ನಿಂತಳು. ಅತ್ತೆಮನೆಯವರ ಮುಂದೆ ಅವಳ ಕಣ್ಣು ತುಂಬಿತ್ತು. ಸುವರ್ಣಾ ಗುಗ್ಗರಿ ಹಂಚುತ್ತ ಎಲ್ಲರಿಗೂ "ಸಾವಕಾಶ ಅಗೀರಿ" ಎಂದು ಹೇಳುತ್ತಿದ್ದಳು.

ಮಗಳ ಮಾವ, ನಮ್ಮ ಬೀಗರು, ಸಮಾಚಾರ ಕೇಳಿ ತಿಳಿದು, ಅಂಗಿಯ ತೋಳು ಮಡಚಿದರು. "ಬೊಂಬ ಐತೇನ್ರಿ ಮನ್ಯಾಗ?"

ಹಿತ್ತಲಲ್ಲಿದ್ದ ಬಿದಿರ ಬೊಂಬಿಗೆ ತೊಟ್ಟಿಲು ಕಟ್ಟಿ, ಅವರೊಂದು ಕಡೆ, ನಾನೊಂದು ಕಡೆ ನಿಂತು ಹೆಗಲು ಕೊಟ್ಟೆವು. ನಡುವೆ ತೊಟ್ಟಿಲು ತೂಗಿತು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಮಗಳು ನಕ್ಕಳು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಹುಕ್ಕೇರಿಯ ಹೆಂಗಸರು ಒಂದು ಜೋಗುಳ ಹಾಡಿದರು. ಮೂಡಲಗಿಯವರು ಬಿಡುತ್ತಾರೆಯೇ? ಎರಡು ಹಾಡಿದರು. ಹಾಡಿನ ಮೇಲೆ ಹಾಡು ಬಂದು ನನ್ನ ಹೆಗಲು ಉರಿಯತೊಡಗಿತು. ಮೆಲ್ಲಗೆ ಭುಜ ಬದಲಿಸಲು ನೋಡಿದೆ.

"ಅಲ್ಲಾಡಬ್ಯಾಡ್ರಿ, ಈಗರೆ ಕೂಸ ಮಲಗೇತಿ," ಎಂದು ಸುವರ್ಣಾ ಗದರಿದಳು.

ಬೊಂಬಿನ ಆ ತುದಿಯಿಂದ ಬೀಗರು ಮೆಲುದನಿಯಲ್ಲಿ ಅಂದರು: "ಬೀಗ್ರ, ಲಗ್ನದ ಮುಂದ ನಮ್ಮ ಮಂದಿನೂ ಹೇಳಿದ್ರು, ಮೂಡಲಗಿಗೆ ಹೋಗಿ ನಿಮ್ಮ ಬಗ್ಗೆ ಒಂದಿಷ್ಟ ವಿಚಾರಿಸ್ಕೊಂಡ ಬರ್ರಿ ಅಂತ. ಏನ ವಿಚಾರಸೂದ ಬಿಡ ಅಂತ ನಾವ ಬರಲೇ ಇಲ್ಲ ನೋಡ್ರಿ."

ತಲೆ ತಗ್ಗಿಸೋಣವೆಂದರೆ ಹೆಗಲ ಮೇಲೆ ಬೊಂಬಿತ್ತು.