ಕೆಳಗಿಡಲಾಗದ ಬಟ್ಟಲು

ನಾನು ಮಾಡಿದ ಬಟ್ಟಲು ಮೇಜಿನ ಮೇಲೆ ನಿಲ್ಲುವುದಿಲ್ಲ, ನಿಜ. ಆದರೆ ಅದು ಬಟ್ಟಲಿನ ತಪ್ಪಲ್ಲ, ಮೇಜಿನ ತಪ್ಪು. ಇದನ್ನು ಹೆಂಡತಿಗೂ ಹೇಳಿದ್ದೇನೆ, ಅತ್ತೆಯವರಿಗೂ ಹೇಳಿದ್ದೇನೆ. ಯಾರೂ ಒಪ್ಪದ ಕಾರಣ ಈಗ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಅಂಥದೊಂದು ಬಟ್ಟಲು ಕಂಡು ನಾನು ಮರುಳಾದೆ. ಸಾವಿರಾರು ವರ್ಷ ಹಳೆಯದು. ಒಳಗೆ ಕಪ್ಪು, ಹೊರಗೆ ಕೆಂಪು, ತಳ ಮೊಟ್ಟೆಯ ಹಾಗೆ ಗುಂಡಗೆ. ಆ ಕಾಲದವರು ಅದನ್ನು ಮರಳಿನಲ್ಲಿ ಒತ್ತಿ ಕೂರಿಸುತ್ತಿದ್ದರಂತೆ. ಕುಂಬಾರಿಕೆಯ ತರಗತಿಗೆ ಸೇರಿ, ಬಟ್ಟೆ ಒಗೆಯುವ ಮೂಲೆಯಲ್ಲಿ ತಿಗರಿಯನ್ನು, ಅಂದರೆ ಕುಂಬಾರನ ಚಕ್ರವನ್ನು, ಪ್ರತಿಷ್ಠಾಪಿಸಿ, ಉಗುರಿನ ಸಂದಿಯಲ್ಲೆಲ್ಲ ಮಣ್ಣು ತುಂಬಿಕೊಂಡು, ಕೊನೆಗೂ ಮನೆಯವರಿಗೆಲ್ಲ ಒಂದೊಂದು ಬಟ್ಟಲು ಮಾಡಿದೆ. ಸ್ಟೀಲ್ ಬಟ್ಟಲುಗಳನ್ನು ಅಟ್ಟಕ್ಕೆ ಗಡೀಪಾರು ಮಾಡಿದೆ.

ಮೊದಲ ಊಟದಲ್ಲೇ ಬಟ್ಟಲುಗಳು ಸಾಲಾಗಿ ಮಗುಚಿಕೊಂಡವು. ಸೂಪು ಮೇಜಿನುದ್ದಕ್ಕೂ ಹರಿದು ಅತ್ತೆಯವರ ಮಡಿಲು ಸೇರಿತು.

"ಅಳಿಯಂದಿರೇ, ಇದಕ್ಕೆ ತಳ ಇಡೋದು ಮರೆತ್ರಾ?"

"ಮರೆತಿಲ್ಲ ಅತ್ತೆ. ಇದು ಪರಂಪರೆ."

"ಪರಂಪರೆ ತುಂಬಾ ಬಿಸಿಯಾಗಿದೆ ಕಣಪ್ಪಾ."

ಒರೆಸುವ ಬಟ್ಟೆ ತಂದ ಹೆಂಡತಿ ಜೊತೆಗೆ ತೀರ್ಪನ್ನೂ ತಂದಳು. "ರೀ, ಈ ತಿಂಗಳು ಮುಗಿಯೋದ್ರೊಳಗೆ ಚಪ್ಪಟೆ ತಳದ್ದು ಮಾಡಿ. ಇಲ್ಲಾಂದ್ರೆ ನಿಮ್ಮ ತಿಗರಿ ಗುಜರಿಗೆ ಹೋಗುತ್ತೆ."

ತಿಗರಿಯೆಂದರೆ ನನಗೆ ಪ್ರಾಣ. ಕಚೇರಿಯಲ್ಲಿ ಜವಾನನೂ ನನ್ನ ಮಾತು ಕೇಳುವುದಿಲ್ಲ (ಮನೆಯ ವಿಷಯ ಈಗಾಗಲೇ ನಿಮಗೆ ಗೊತ್ತಾಗಿದೆ). ನಾನು ತಿರುಗಿಸಿದಂತೆ ತಿರುಗುವುದು ಅದೊಂದೇ. ಆದರೂ ನಾನು ಜಗ್ಗಲಿಲ್ಲ.

"ತಳ ಗುಂಡಗೇ ಇರುತ್ತೆ. ಬೇಕಾದವರು ಕೈಯಲ್ಲಿ ಹಿಡ್ಕೊಂಡು ತಿನ್ನಿ" ಎಂದು ಗುಡುಗಿದೆ.

ಹಸಿವಿನ ಮುಂದೆ ಯಾರು ವಾದ ಮಾಡುತ್ತಾರೆ? ಹಿಡಿದುಕೊಂಡೇ ತಿಂದರು. ಎಡಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ಚಮಚ. ಮೊಬೈಲಿಗೆ ಕೈ ಉಳಿಯಲಿಲ್ಲ. ಮಗಳು ಬಹಳ ದಿನಗಳ ಮೇಲೆ ತಲೆಯೆತ್ತಿ ನನ್ನ ಮುಖ ನೋಡಿದಳು. ಮೇಜಿನ ಸುತ್ತ ಮಾತು ಶುರುವಾಯಿತು. ನಾನು ಒಳಗೊಳಗೇ ಬೀಗಿದೆ.

ಆದರೆ ಎಲ್ಲರಿಗೂ ಆಸಕ್ತಿಯಿರುವ ವಿಷಯ ಮನೆಯಲ್ಲಿ ಒಂದೇ ಇತ್ತು. ಅದು ನಾನು.

"ಅಪ್ಪನ ಗೊರಕೆ ಪಕ್ಕದ ಮನೆಗೂ ಕೇಳುತ್ತಂತೆ" ಎಂದಳು ಮಗಳು.

"ಸ್ನಾನದ ಮನೆ ನಲ್ಲಿ ರಿಪೇರಿ ಮಾಡ್ತೀನಿ ಅಂತ ಬಿಚ್ಚಿಟ್ರು. ಇನ್ನೂ ಹಾಗೇ ಬಿದ್ದಿದೆ" ಎಂದಳು ಹೆಂಡತಿ.

"ಹುಡುಗನ್ನ ನೋಡೋಕೆ ಹೋದಾಗಲೇ ನನಗೆ ಅನುಮಾನ ಬಂದಿತ್ತು" ಎಂದರು ಅತ್ತೆ.

ಎದ್ದುಹೋಗೋಣವೆಂದರೆ ತುಂಬಿದ ಬಟ್ಟಲನ್ನು ಕೆಳಗಿಡುವಂತಿಲ್ಲ. ಕಿವಿ ಮುಚ್ಚಿಕೊಳ್ಳಲು ಕೈ ಬಿಡುವಿಲ್ಲ. ಪ್ರತಿ ಊಟಕ್ಕೂ ಇದೇ ಪಾಡು. ನನ್ನ ಬಾಲ್ಯದಿಂದ ಬೊಕ್ಕತಲೆಯವರೆಗೆ ಯಾವುದನ್ನೂ ಬಿಡಲಿಲ್ಲ.

ತಿಂಗಳ ಕೊನೆಗೆ ಚಪ್ಪಟೆ ತಳದ ಹೊಸ ಬಟ್ಟಲುಗಳನ್ನು ಮೇಜಿನ ಮೇಲಿಟ್ಟೆ. (ಸೋತೆನೆಂದು ತಿಳಿಯಬೇಡಿ. ಹೆಂಡತಿಯ ಮಾತಿಗೆ ಗೌರವ ಕೊಟ್ಟೆ, ಅಷ್ಟೆ.) ಅವು ಬಂಡೆಯ ಹಾಗೆ ಅಲುಗದೆ ನಿಂತವು. ಹೆಂಡತಿ ಒಂದನ್ನು ಎತ್ತಿ, ಬೆರಳಿನಿಂದ ತಟ್ಟಿ ನೋಡಿದಳು.

"ಚೆನ್ನಾಗಿದೆ. ಹೂಕುಂಡಗಳ ಕೆಳಗಿಡೋಕೆ ಆಗುತ್ತೆ."

"ಊಟಕ್ಕೆ?"

"ಊಟಕ್ಕೆ ಗುಂಡಗಿರೋದೇ ಇರ್ಲಿ ರೀ. ಎಷ್ಟು ವರ್ಷ ಆಗಿತ್ತು, ಎಲ್ಲರೂ ಹೀಗೆ ಕೂತು ನಗ್ತಾ ಮಾತಾಡಿ."

"ಹೌದಪ್ಪಾ, ಪರಂಪರೆ ಬಿಡಬಾರದು" ಎಂದಳು ಮಗಳು.

ತಿಗರಿಯೇನೋ ಉಳಿಯಿತು. ಅತ್ತೆಯವರು ನನ್ನ ಗುಂಡು ಬಟ್ಟಲಿಗೆ ಅಂಚಿನವರೆಗೂ ಸೂಪು ತುಂಬಿ, ಜೋಪಾನವಾಗಿ ನನ್ನ ಕೈಗೆ ಕೊಟ್ಟರು.

"ಗಟ್ಟಿಯಾಗಿ ಹಿಡ್ಕೊಳ್ಳಿ ಅಳಿಯಂದಿರೇ. ಹ್ಞಾಂ, ನಿನ್ನೆ ಎಲ್ಲಿಗೆ ನಿಲ್ಲಿಸಿದ್ವಿ?"