ಮುಂಜಾನೆಯಿಂದ ನಿರುದ್ಯೋಗಿ

ಆ ಶನಿವಾರ ಮುಂಜಾನೆ ಗಿರಣಿಯ ಕರೆಂಟು ಹೋಗದೆ ಇದ್ದಿದ್ದರೆ ಹೊಳೆಪ್ಪ ನಿರುದ್ಯೋಗಿ ಆಗುತ್ತಿರಲಿಲ್ಲ.

ಸಂಶಿಯ ಬಾಜೂಕಿನ ಆ ಹಳ್ಳಿಯಲ್ಲಿ ಇದ್ದದ್ದು ಒಂದೇ ಹಿಟ್ಟಿನ ಗಿರಣಿ, ಶಂಭುಲಿಂಗಪ್ಪ ಸಾವಕಾರರದು. ಅಲ್ಲಿ ಬೀಸುವವನು, ಕಸ ಹೊಡೆಯುವವನು, ಪಟ್ಟಾ ಹರಿದರೆ ಬೈಸಿಕೊಳ್ಳುವವನು, ಎಲ್ಲ ಹೊಳೆಪ್ಪನೇ. ಸೋಮವಾರ ಲೇಬರ್ ಸಾಹೇಬನೊಬ್ಬ ಬಂದು, ಈ ತುಟ್ಟಿಯ ಕಾಲದಲ್ಲಿ ಆಳುಗಳು ಉಪವಾಸ ಬೀಳಬಾರದೆಂದು ಸರಕಾರವೇ ಪಗಾರ ಗೊತ್ತು ಮಾಡಿದೆ, ಕೊಡದಿದ್ದರೆ ಕೇಸು ಎಂದು ಹೆದರಿಸಿ, ಸಾವಕಾರರ ಮಿರ್ಚಿ ಭಜಿ ತಿಂದು ಹೋಗಿದ್ದ. ಸಾವಕಾರರು ಹೊಳೆಪ್ಪನಿಗೆ ಶನಿವಾರ ನೋಡೂಣು ಎಂದಿದ್ದರು. ಆ ಒಂದು ಮಾತಿನ ಮೇಲೆ ಹೆಂಡತಿ ಕಸ್ತೂರೆವ್ವ ಮಗಳನ್ನು ಹೈಸ್ಕೂಲಿಗೆ ಕಳಿಸುವುದನ್ನೂ ಗಟ್ಟಿ ಮಾಡಿಬಿಟ್ಟಿದ್ದಳು.

"ಇವತ್ತ ಹೊಸಾ ಪಗಾರ ಇಲ್ದ ಮನಿ ಹೊಸ್ತಲಾ ತುಳೀಬ್ಯಾಡ್ರಿ" ಎಂದು ಹೇಳಿಯೇ ರೊಟ್ಟಿ ಕಟ್ಟಿಕೊಟ್ಟಿದ್ದಳು.

ಕೇಳಬೇಕೆಂದು ಹೊಳೆಪ್ಪ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಗಿರಣಿ ನಿಂತಿತು. ಸಾವಕಾರರು ಒಳಗಿನ ಕೋಣೆಯಿಂದ ನೆಹರು ಅಂಗಿಯ ಕಿಸೆಯಲ್ಲಿ ಕೈ ಇಟ್ಟುಕೊಂಡೇ ಬಂದರು. ಕರೆಂಟು ಹೋಗಿದೆ, ಮಧ್ಯಾಹ್ನದ ತನಕ ಬರುವುದಿಲ್ಲ, ಹೊರಗೆ ಕಟ್ಟೆಯ ಮೇಲೆ ಕೂಡ್ರು ಎಂದು ಹೇಳಿ ಹೊರಟುಹೋದರು.

"ಈಗ ಹೋದ ಕರೆಂಟ ಮಧ್ಯಾನ್ನಕ್ಕ ಬರತೈತಂತ ನಿಮ್ಮ ಸಾವಕಾರಗ ಹೆಂಗ ಗೊತ್ತು?" ಎಂದು ಜೋಳದ ಬುಟ್ಟಿ ಹಿಡಿದು ಕೂತಿದ್ದ ಮೈಮುನಬಿ ಕೇಳಿದಳು.

"ದೊಡ್ಡವರಿಗೆ ಗೊತ್ತಿರತೈತಿ" ಎಂದ ಹೊಳೆಪ್ಪ.

ಅಷ್ಟರಲ್ಲಿ ಗ್ರಾಮಸೇವಕ ದಿನಕರ ಸೈಕಲ್ಲು ತುಳಿದುಕೊಂಡು, ತಿದಿಯ ಹಾಗೆ ಉಸಿರು ಬಿಡುತ್ತ ಬಂದ. ಸಾಲಿಯ ಬಯಲಿನಲ್ಲಿ ಅಂದು ನಿರುದ್ಯೋಗ ನಿವಾರಣಾ ಸಮಾರಂಭ. ಪೆಂಡಾಲು ಬಂದಿತ್ತು, ಮಾಲೆ ಬಂದಿತ್ತು, ನಿರುದ್ಯೋಗಿಗೆ ಕೊಡುವ ಹೊಚ್ಚಹೊಸ ಹಿಟ್ಟಿನ ಗಿರಣಿ ಬಂದಿತ್ತು, ಜಿಲ್ಲೆಯ ದೊಡ್ಡ ಸಾಹೇಬರೂ ಬಂದಿದ್ದರು. ನಿರುದ್ಯೋಗಿಯೊಬ್ಬನೇ ಬಂದಿರಲಿಲ್ಲ. ಮೆಣಸಿನಕಾಯಿ ಬಿಡಿಸುವ ಸುಗ್ಗಿ. ಮುದುಕರು ಕೂಡ ಹೊಲ ಸೇರಿದ್ದರು. ಊರಿನ ಇಬ್ಬರು ಖಾಯಂ ಸೋಮಾರಿಗಳು ಸಮಾರಂಭಕ್ಕೆ ಮೈಕು ಕಟ್ಟುವ ಕೆಲಸ ಹಿಡಿದಿದ್ದರು.

"ಹೊಳೆಪ್ಪಾ, ಏನ ಮಾಡ್ಲಿಕ್ಕತ್ತೀ?"

"ಏನಿಲ್ರಿ."

"ಅಷ್ಟ ಸಾಕು. ಮಾರಿ ತೊಳ್ಕೊ. ನಿರುದ್ಯೋಗಿ ಮಾರಿಮ್ಯಾಲೆ ಹಿಟ್ಟು ಶೋಭಸೂದಿಲ್ಲ."

ಮೈಮುನಬಿ ತಾನೇ ಮುಂದಾಗಿ ಸೆರಗಿನಿಂದ ಅವನ ಕಿವಿಯ ಹಿಂದಿನ ಹಿಟ್ಟು ಒರೆಸಿ, ಈಗ ಅಗದಿ ಉಪಾಶಿ ಕಾಣಸ್ತಾನ ನೋಡ್ರಿ ಎಂದಳು. ನನಗೆ ಕೆಲಸ ಇದೆಯಲ್ಲ ಎಂದು ಹೊಳೆಪ್ಪ ದಾರಿಯುದ್ದಕ್ಕೂ ತಕರಾರು ತೆಗೆದ. ಕೆಲಸ ಇರುವುದು ನಿಜ, ಆದರೆ ಸದ್ಯಕ್ಕೆ ನಿಂತಿದೆ, ಸರಕಾರ ಅಷ್ಟು ಬಾರೀಕು ನೋಡುವುದಿಲ್ಲ ಎಂದು ದಿನಕರ ಅವನ ಬಾಯಿ ಮುಚ್ಚಿಸಿದ.

ಪೆಂಡಾಲಿನಲ್ಲಿ ಮೈಕು ಕರು ಕಳೆದುಕೊಂಡ ಎಮ್ಮೆಯಂತೆ ಒದರುತ್ತಿತ್ತು. ಜಗತ್ತಿಗೆಲ್ಲ ಆರ್ಥಿಕ ಮುಗ್ಗಟ್ಟು ಬಂದರೂ ಈ ಜಿಲ್ಲೆಯ ಒಂದು ಕೈಯೂ ಖಾಲಿ ಕೂಡ್ರಬಾರದು ಎಂದು ದೊಡ್ಡ ಸಾಹೇಬರು ತಾಸುಗಟ್ಟಲೆ ಹೇಳಿದರು. ಅಷ್ಟೂ ಹೊತ್ತು ಕಚೇರಿಯ ಕೈಗಳೆಲ್ಲ ಗಾಳಿ ಹಾಕಿಕೊಳ್ಳುತ್ತ ಖಾಲಿ ಕೂತಿದ್ದವು. ಕಡೆಗೆ ಹೊಳೆಪ್ಪನನ್ನು ಹತ್ತಿರ ಕರೆದರು.

"ಎಷ್ಟು ದಿನದಿಂದ ಕೆಲಸ ಇಲ್ಲಪ್ಪ?"

"ಮುಂಜಾನಿಂದ್ರಿ ಸಾಹೇಬ್ರ."

"ಭಾಳ ವರ್ಷದ ಹಿಂದಿನ ಒಂದು ಮುಂಜಾನಿಂದ ಅಂತಾನ್ರಿ" ಎಂದು ದಿನಕರ ನಡುವೆ ಹಾರಿದ.

ಸಾಹೇಬರ ಕಣ್ಣು ಒದ್ದೆಯಾಯಿತು. ಮಾಲೆ ಹಾಕಿ, ಫೋಟೋ ತೆಗೆಸಿಕೊಂಡು, ಇಂದಿನಿಂದ ಹೊಳೆಪ್ಪ ಗಿರಣಿಯ ಮಾಲಕ ಎಂದು ಸಾರಿದರು. ಸಾವಕಾರರು ಸಿಟ್ಟಾದಾರು ಎಂದು ಹೊಳೆಪ್ಪ ಅಂಜುತ್ತ ನೋಡಿದರೆ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಬಡಿಯುತ್ತಿದ್ದವರು ಅವರೇ. ಇನ್ನು ಯಾರೆದುರೂ ಪಗಾರಕ್ಕೆ ಗಂಟಲು ಸರಿಮಾಡಬೇಕಿಲ್ಲ, ಮಗಳು ಹೈಸ್ಕೂಲಿಗೆ ಹೋಗುತ್ತಾಳೆ ಎಂದುಕೊಂಡ ಹೊಳೆಪ್ಪನ ಎದೆ ಪೂರಿಯಂತೆ ಉಬ್ಬಿತು.

ಸಾಹೇಬರೂ ಕಚೇರಿಯವರೂ ಉಂಡು ಹೊರಟ ಮೇಲೆ, ಅವರಿಗೆ ಕೈ ಮುಗಿದು ತಿರುಗಿ ನೋಡಿದರೆ ಗಿರಣಿ ಇಲ್ಲ. ಸಾವಕಾರರ ಬಂಡಿಯಲ್ಲಿ ಹೋಯಿತೆಂದು ಮೈಕಿನವರು ಹೇಳಿದರು. ಹೊಳೆಪ್ಪ ಮಾಲೆ ಹಾಕಿಕೊಂಡೇ, ಹಗ್ಗ ಹರಿದುಕೊಂಡ ಹರಕೆಯ ಕುರಿಯಂತೆ ಓಡಿದ. ಹೊಸ ಗಿರಣಿ ಆಗಲೇ ಸಾವಕಾರರ ಗಿರಣಿಮನೆಯಲ್ಲಿ ಹಳೆಯದರ ಬಾಜೂಕೆ ಕೂತಿತ್ತು.

"ಬಾ ಮಾಲಕಾ" ಎಂದರು ಸಾವಕಾರರು. ಹೊಳೆಪ್ಪನಿಗೆ ಜಾಗ ಎಲ್ಲಿದೆ, ಕರೆಂಟು ಎಲ್ಲಿದೆ? ಎಲ್ಲ ವಿಚಾರ ಮಾಡಿಯೇ ಇಲ್ಲಿ ಇಡಿಸಿದ್ದಾಗಿ ತಿಳಿಸಿದರು.

"ಇವತ್ತ ಶನಿವಾರ್ರಿ. ಪಗಾರದ ಮಾತು…"

"ಪಗಾರ ಆಳಿಗಪ್ಪಾ. ಕಾಯ್ದೇನೂ ಆಳಿನ ಸಲುವಾಗೇ. ಇನ್ನ ಈ ಗಿರಣ್ಯಾಗ ಆಳ ಯಾರದಾರ? ಇಬ್ರೂ ಮಾಲಕರ. ಬಾಡಿಗಿ, ಕರೆಂಟಿನ ಬಿಲ್ಲ ಹೋಗಿ ಉಳದದ್ದೆಲ್ಲಾ ನಿಂದ."

"ಎಷ್ಟ ಉಳೀತೈತ್ರಿ?"

"ನಾನೂ ಮಾಲಕ ಆಗಿ ಇಪ್ಪತ್ತ ವರ್ಷ ಆತು. ಒಂದ ಪೈಸಾ ಉಳದಿಲ್ಲ ನೋಡು" ಎಂದು ಸಾವಕಾರರು ಮೂರು ಉಂಗುರದ ಕೈಯಿಂದ ಹೊಟ್ಟೆ ಸವರಿಕೊಂಡರು.

ಹಾಗಾದರೆ ಬೇರೆ ಕೆಲಸ ಕೊಡಿಸಿರಿ ಎಂದು ಹೊಳೆಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ ದಿನಕರನ ಕಡೆ ತಿರುಗಿದ. ಸಾವಕಾರರ ಮನೆಯಲ್ಲಿ ಹೋಳಿಗೆ ಉಂಡು ಎಲೆ ಹಾಕಿಕೊಂಡಿದ್ದ ದಿನಕರ ನಿಧಾನವಾಗಿ ಉಗುಳಿ ಬಂದ.

"ನಿನ್ನ ನಿರುದ್ಯೋಗ ನಿವಾರಣಾ ಆಗ್ಯದಲ್ಲೋ. ಫೋಟೋ ಸುದ್ಧಾ ಅದ."

ಮೈಮುನಬಿ ಬಾಗಿಲಲ್ಲಿ ಇಣುಕಿ, ಕರೆಂಟು ಬಂತೇನು ಎಂದು ಕೇಳಿದಳು.

"ಬಂತ ಬೇ" ಎಂದ ಸಾವಕಾರರು ನೆಹರು ಅಂಗಿಯ ಕಿಸೆಗೆ ಕೈ ಹಾಕಿ, ಮುಂಜಾನೆ ಕಿತ್ತಿಟ್ಟುಕೊಂಡಿದ್ದ ಫ್ಯೂಜನ್ನು ತೆಗೆದು ಹೊಳೆಪ್ಪನ ಅಂಗೈಯಲ್ಲಿಟ್ಟರು. ಹೊತ್ತೇರಿದಾಗಿನಿಂದ ಅದೇ ಊರಿನ ಕರೆಂಟಿನ ಮೇಲೆ ಊರಿಗೆಲ್ಲ ಕೇಳುವಂತೆ ಮೈಕು ಒದರಿದ್ದು ಹೊಳೆಪ್ಪನಿಗೆ ಈಗ ಕೇಳಿಸಿತು.

ಅವನು ಫ್ಯೂಜು ಹಾಕಿ ಮೈಮುನಬಿಯ ಜೋಳ ಸುರುವಿದ. ಹಿಟ್ಟು ಹಾರಿ ಮಾರಿಯ ಮೇಲೆ, ಮಾಲೆಯ ಮೇಲೆ ಕೂತಿತು. ಕತ್ತಲಾದ ಮೇಲೆ ಹಳೆಯ ಆಳು ಹೊಳೆಪ್ಪನಾಗಿದ್ದರೆ ಮನೆಗೆ ಹೋಗುತ್ತಿದ್ದ. ಹೊಸ್ತಿಲ ಬಳಿ ಕಸ್ತೂರೆವ್ವ ಹೊಸ ಪಗಾರಕ್ಕೆ ಕಾದು ನಿಂತಿರುತ್ತಾಳೆಂದು ನೆನಪಾಗಿ, ಹೊಸ ಮಾಲಕರು ಅಂದು ಗಿರಣಿಯಲ್ಲೇ ಮಲಗಿಕೊಂಡರು.