ಕಾಂಡ್ಲಾ ಮಂಡಳಿಯ ಕುಡಿ ತಂಬುಳಿ

ನಾನು ಕಾಂಡ್ಲಾ ಸಂರಕ್ಷಣಾ ಮಂಡಳಿಯ ಸದಸ್ಯನಾದದ್ದು ಆ ಗಿಡಗಳ ಪೂರ್ವಜನ್ಮದ ಕರ್ಮ ಎಂದು ನನ್ನ ಹೆಂಡತಿ ಶಶಿಕಲಾ ಹೇಳುತ್ತಾಳೆ. ಇದು ಶುದ್ಧ ಅಸೂಯೆ! ಮಸ್ಕತ್‌ನ ಅಲ್ ಗುಬ್ರಾದ ಬಾಡಿಗೆ ಫ್ಲ್ಯಾಟಿನಲ್ಲಿದ್ದುಕೊಂಡು, ಏಸಿ ರಿಪೇರಿ ಕಂಪನಿಯ ಸ್ಟೋರ್‌ಕೀಪರ್ ಆಗಿರುವ ಉಡುಪಿ ಕಡೆಯ ಮನುಷ್ಯನಿಗೆ, ಕೊರಳಿಗೆ ನೇತುಹಾಕಿಕೊಳ್ಳುವ ಫೋಟೋ ಸಹಿತ ಗುರುತಿನ ಚೀಟಿ ಸಿಕ್ಕಿದರೆ ಯಾರ ಹೊಟ್ಟೆ ಉರಿಯುವುದಿಲ್ಲ ಹೇಳಿ?

ನಮ್ಮ ಬಡಾವಣೆಯ ಆಚೆ ಸಮುದ್ರದ ನೀರು ಒಳನುಗ್ಗುವ ಸಣ್ಣ ಅಳಿವೆಯೊಂದಿದೆ. ಇಲ್ಲಿಯವರು ಅದನ್ನು ಖೋರ್ ಎನ್ನುತ್ತಾರೆ. ಅದರ ದಡದಲ್ಲಿ ಮತ್ತೆ ಕಾಂಡ್ಲಾ, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್, ಬೆಳೆಸಬೇಕೆಂದು ಊರವರು ಸೇರಿ ಮಂಡಳಿ ಕಟ್ಟಿದರು. ಅಧ್ಯಕ್ಷರು ಅಬು ಸಲೀಂ. ಮೀನುಗಾರಿಕೆಯಿಂದ ನಿವೃತ್ತರಾದ ಹಿರಿಯರು, ಬಿಳಿ ಗಡ್ಡ, ಮೊಣಕಾಲು ನೋವು. ಹಿಂದೆಲ್ಲ ಮುಂಬೈಗೆ ಹೋಗಿ ಬರುತ್ತಿದ್ದವರಾದ್ದರಿಂದ ಅವರ ಹಿಂದಿ ನನ್ನ ಹಿಂದಿಗಿಂತ ಚೆನ್ನ. ಸಂಜೆ ದಡದಲ್ಲಿ ಸಿಕ್ಕಾಗ ನಾನು ಸುಮ್ಮನಿರಲಾರದೆ, "ಕಾಂಡ್ಲಾವಾ? ನಾನು ಅದರ ನಡುವೆಯೇ ಹುಟ್ಟಿ ಬೆಳೆದವನು" ಎಂದುಬಿಟ್ಟೆ. ನಿಜ ಹೇಳಬೇಕೆಂದರೆ, ಬಾಲ್ಯದಲ್ಲಿ ಒಂದೇ ಒಂದು ಸಲ ಕಾಂಡ್ಲಾದೊಳಗೆ ಇಳಿದಿದ್ದೆ. ಕೆಸರಿನಲ್ಲಿ ಒಂದು ಚಪ್ಪಲಿ ಹೋಯಿತು, ಅಮ್ಮನಿಂದ ಎರಡು ಪೆಟ್ಟು ಬಿತ್ತು. ನನ್ನ ಪರಿಣತಿ ಅಷ್ಟೇ.

ಮೊದಲ ಸಭೆ ಅಬು ಸಲೀಂ ಅವರ ಮನೆಯಲ್ಲಿ. ಖರ್ಜೂರ, ಹಲ್ವಾ, ಮೆತ್ತನೆಯ ದಿಂಬು, ಊದುಬತ್ತಿಗಿಂತ ಗಾಢವಾದ ಲೋಬಾನದ ಹೊಗೆ. ಅಷ್ಟೂ ಸೇರಿದರೆ ನನ್ನಂಥವನು ಏನಾಗುತ್ತಾನೆ? ಕಿಟಕಿಯಾಚೆ ಬೂದು ಸಮುದ್ರ. ನೋಡನೋಡುತ್ತಿದ್ದಂತೆ ಖೋರ್ ತುಂಬ ಹಸಿರು ಎದ್ದಿತು. ಕೊಕ್ಕರೆಗಳು ಇಳಿದವು. ನಾನು ಪುಟ್ಟ ದೋಣಿಯಲ್ಲಿ ಮಲಗಿದ್ದೇನೆ, ಎಲೆಗಳ ನೆರಳು ಮುಖದ ಮೇಲೆ ಸರಿಯುತ್ತಿದೆ, ದಡದ ಕಲ್ಲಿನ ಮೇಲೆ ಕೆತ್ತಿದ್ದಾರೆ: 'ಶ್ರೀ ಸದಾನಂದ, ಕಾಂಡ್ಲಾ ಪುನರುತ್ಥಾಪಕರು'. ದೋಣಿ ಮೆಲ್ಲಗೆ ತೂಗುತ್ತಿತ್ತು. ದೋಣಿಯ ಜೊತೆ ನನ್ನ ತಲೆಯೂ ತೂಗುತ್ತಿತ್ತು.

"ಮಾಶಾ ಅಲ್ಲಾ!" ಎಂದು ಎಲ್ಲರೂ ಚಪ್ಪಾಳೆ ತಟ್ಟಿದಾಗ ಎಚ್ಚರವಾಯಿತು. ಅಬು ಸಲೀಂ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ನಲವತ್ತು ಸಸಿಗಳನ್ನು ಎರಡು ತಿಂಗಳು ಸಾಕಲು ಯಾರು ಸಿದ್ಧ ಎಂದು ಕೇಳಿದ್ದರಂತೆ. ನಾನು ತಲೆಯಾಡಿಸಿದೆನಂತೆ. ಅದೂ ಮೂರು ಸಲ!

"ಯಾ ಸದಾನಂದ್, ನನ್ನ ಮೊಣಕಾಲಿನ ಚಿಕಿತ್ಸೆಗೆ ನಾನು ನಿಮ್ಮ ಮಂಗಳೂರಿಗೆ ಹೋಗುತ್ತಿದ್ದೇನೆ. ನಾನು ನಿಮ್ಮೂರಿಗೆ, ನನ್ನ ಗಿಡಗಳು ನಿಮ್ಮ ಮನೆಗೆ. ಸರಿಹೋಯಿತಲ್ಲ?" ಎಂದರು. ಆಮೇಲೆ ದನಿ ತಗ್ಗಿಸಿದರು. "ಇಲ್ಲಿ ಒಂದು ಹಳೆಯ ಮರ ಇತ್ತು. ನನ್ನ ಅಪ್ಪ ಅದಕ್ಕೇ ದೋಣಿ ಕಟ್ಟುತ್ತಿದ್ದರು, ಅದರ ನೆರಳಲ್ಲೇ ಬಲೆ ಹೊಲಿಯುತ್ತಿದ್ದರು. ಹೋದ ಸಲದ ಬಿರುಗಾಳಿ ಅದನ್ನು ಕೊಂಡೊಯ್ದಿತು. ಬೀಳುವ ಮೊದಲು ನಾನು ಆರಿಸಿಟ್ಟ ಬೀಜದ ಸಸಿಗಳು ಇವು. ಬೇರೆ ಇಲ್ಲ. ಇವು ಹೋದರೆ ಖಲಾಸ್."

ಅವರ ಕಣ್ಣು ಒದ್ದೆಯಾಗಿತ್ತು. "ಮಕ್ಕಳ ಹಾಗೆ ನೋಡಿಕೊಳ್ಳುತ್ತೇನೆ" ಎಂದೆ.

ಸಸಿಗಳನ್ನು ಮನೆಗೆ ತಂದು ಅದೇ ಮಾತು ಹೇಳಿದಾಗ ನಮ್ಮ ಒಬ್ಬಳೇ ಮಗಳು ನಿಧಿ, "ಅಪ್ಪಾ, ಯೂ ಫರ್ಗಾಟ್ ಮೀ ಅಟ್ ಸ್ಕೂಲ್ ಟ್ವೈಸ್" ಎಂದು ನೆನಪಿಸಿದಳು.

ಶಶಿಕಲಾ ಕ್ಲಿನಿಕ್ಕಿನಲ್ಲಿ ನರ್ಸ್. ನಮ್ಮಲ್ಲಿ ಮಾತು ತುಳುವಿನಲ್ಲಿ, ಜಗಳಕ್ಕೆ ಮಾತ್ರ ಕನ್ನಡ. ಬಾಲ್ಕನಿಯ ತುಂಬ ನಲವತ್ತು ಮೊಸರಿನ ಡಬ್ಬಿಗಳಲ್ಲಿ ನಿಂತ ಸಸಿಗಳನ್ನು ನೋಡಿ ಅವಳು ಕನ್ನಡಕ್ಕೆ ಇಳಿದಳು.

"ಎಂತ ಮಾರಾಯ್ರೆ ಇದು? ಬಟ್ಟೆ ಒಣಗಿಸುವುದು ಎಲ್ಲಿ?"

"ಪರಿಸರಕ್ಕಾಗಿ ಸ್ವಲ್ಪ ತ್ಯಾಗ ಮಾಡ್ಬೇಕು ಮಾರಾಯ್ತಿ."

"ಮಾಡುವ. ನಾಳೆಯಿಂದ ನಿಮ್ಮ ಬನಿಯನ್ ಒಗೆಯುವುದಿಲ್ಲ."

ಗಿಡಗಳಿಗೆ ಸಮುದ್ರದ ನೀರೇ ಹಾಕಬೇಕೆಂದು ಅಬು ಸಲೀಂ ಹೇಳಿದ್ದರು. ಮೊದಲ ವಾರ ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ ತಂದೆ. ಕ್ಯಾನಿನ ಮುಚ್ಚಳ ಸಡಿಲ. ನಾನು ಲಿಫ್ಟಿನೊಳಗೂ ಕೊಕ್ಕರೆಗಳ ಬಗ್ಗೆಯೇ ಯೋಚಿಸುತ್ತಿದ್ದುದರಿಂದ ಅದು ಗಮನಕ್ಕೆ ಬರಲಿಲ್ಲ. ಆರನೇ ಮಹಡಿ ಬರುವಾಗ ಅರ್ಧ ಸಮುದ್ರ ಲಿಫ್ಟಿನಲ್ಲಿತ್ತು! ಮೇಲಿನ ಮನೆಯ ಡಿಸೋಜಾ ಬಾಯಮ್ಮನ ಚಪ್ಪಲಿ ಒದ್ದೆಯಾಯಿತು. "ಲಿಫ್ಟಲ್ಲಿ ಬಂಗುಡೆ ಮೀನಿನ ವಾಸನೆ ಬರ್ತದೆ ಸದಾನಂದ್ರೆ, ಬಂಗುಡೆ ಮಾತ್ರ ಕಾಣುವುದಿಲ್ಲ" ಎಂದರು ಅವರು. ವಾಚ್‌ಮನ್ ನನಗೆ ಮೆಟ್ಟಿಲು ತೋರಿಸಿದ.

ಬುದ್ಧಿವಂತನಿಗೆ ಮೆಟ್ಟಿಲು ಹತ್ತುವ ಅಗತ್ಯವೇನಿದೆ? ನಲ್ಲಿ ನೀರು, ಅಡುಗೆಮನೆಯ ಕಲ್ಲುಪ್ಪು. ಸಮುದ್ರವೆಂದರೆ ಇಷ್ಟೇ ತಾನೆ! ಹದ ನೋಡಲು ದಿನವೂ ಒಂದು ಚಮಚ ಕುಡಿಯುತ್ತಿದ್ದೆ. ಸಸಿಗಳು ಚೆನ್ನಾಗಿಯೇ ಇದ್ದವು, ನನಗೆ ರಕ್ತದೊತ್ತಡ ಏರಿತು. "ಡಾಕ್ಟರಿಗೆ ಎಂತ ಹೇಳ್ಲಿ? ಗಂಡ ಸಮುದ್ರ ಕುಡೀತಾರೆ ಅಂತ್ಲಾ?" ಎಂದು ಶಶಿಕಲಾ ಮಾತ್ರೆ ತಂದುಕೊಟ್ಟಳು.

ಪ್ರತಿ ಶುಕ್ರವಾರ ಅಬು ಸಲೀಂ ಮಂಗಳೂರಿನಿಂದ ವಿಡಿಯೋ ಕಾಲ್ ಮಾಡುತ್ತಿದ್ದರು. ಅವರು ನನಗೆ ಮಳೆ ತೋರಿಸುತ್ತಿದ್ದರು, ನಾನು ಅವರಿಗೆ ಸಸಿ ತೋರಿಸುತ್ತಿದ್ದೆ. ಮಾತು ಹೆಚ್ಚಿರುತ್ತಿರಲಿಲ್ಲ. ಆಸ್ಪತ್ರೆಯ ಕಿಟಕಿಯಲ್ಲಿ ನೀರು ಇಳಿಯುವುದನ್ನು ನಾನು, ಎಲೆಯ ಮೇಲೆ ಉಪ್ಪಿನ ಹರಳು ಮಿನುಗುವುದನ್ನು ಅವರು, ಸುಮ್ಮನೆ ನೋಡುತ್ತ ಕೂತಿರುತ್ತಿದ್ದೆವು. ಈ ಗಿಡ ಹೀರಿದ ಉಪ್ಪನ್ನು ಎಲೆಯ ಮೇಲೆ ಹೊರಹಾಕುತ್ತದೆಂದು ಅವರೇ ಹೇಳಿಕೊಟ್ಟರು. ಆ ಶುಕ್ರವಾರಗಳು ನನಗೆ ಬಹಳ ಇಷ್ಟವಾಗಿದ್ದವು.

ಎರಡು ತಿಂಗಳು ಕಳೆದು ಅವರು ವಾಪಸು ಬಂದರು. ಮರುದಿನ ಶುಕ್ರವಾರ ಮಧ್ಯಾಹ್ನ ನಮ್ಮ ಮನೆಯಲ್ಲೇ ಊಟ, ಊಟದ ನಂತರ ಸಸಿಗಳ ಹಸ್ತಾಂತರ ಎಂದು ನಿರ್ಧಾರವಾಯಿತು. ಶಶಿಕಲಾಗೆ ಅಂದು ಬೆಳಗಿನ ಡ್ಯೂಟಿ. ಕೋಳಿ ಸುಕ್ಕ ಮಾಡಿಟ್ಟು, "ಅನ್ನ ಒಂದು ಇಡಿ. ಬೇರೆ ಎಂತದ್ದನ್ನೂ ಮುಟ್ಬೇಡಿ" ಎಂದು ಹೇಳಿ ಹೋದಳು.

ನಾನು ಚಹಾ ಹಿಡಿದು ಬಾಲ್ಕನಿಯಲ್ಲಿ ನಿಂತೆ. ನಲವತ್ತೂ ಸಸಿಗಳು ಕೋಲಿನ ಹಾಗೆ ನೆಟ್ಟಗೆ, ಒಂಟಿಯಾಗಿ ನಿಂತಿದ್ದವು. ಊರಲ್ಲಿ ನಮ್ಮಮ್ಮ ಮಲ್ಲಿಗೆ ಗಿಡ ಎದ್ದುನಿಂತ ಕೂಡಲೇ ಕುಡಿ ಚಿವುಟುತ್ತಿದ್ದರು. "ಚಿವುಟಿದರೆ ಕವಲೊಡೀತದೆ ಮಗಾ" ಎನ್ನುತ್ತಿದ್ದರು. ಬಸಳೆಗೂ ಅದೇ, ತೊಂಡೆಗೂ ಅದೇ. ಅಮ್ಮನ ಬೆರಳುಗಳು ನೆನಪಾದವು. ಮೆಲ್ಲಗೆ ಗಾಳಿ ಬಂತು. ಎದುರಿನ ಕಟ್ಟಡಗಳು ಕರಗಿದವು. ಸಸಿಗಳು ಪೊದೆಯಾದವು, ಪೊದೆಗಳು ಕಾಡಾದವು. ಕೊಕ್ಕರೆ, ದೋಣಿ, ಕಲ್ಲಿನ ಮೇಲೆ ನನ್ನ ಹೆಸರು! ಕನಸು ಮುಗಿದಾಗ ಚಹಾ ತಣ್ಣಗಾಗಿತ್ತು, ನನ್ನ ಎಡಗೈಯಲ್ಲಿ ಮೂವತ್ತೊಂಬತ್ತು ಕುಡಿಗಳಿದ್ದವು.

ಒಂದಕ್ಕೆ ಮಾತ್ರ ಯಾಕೆ ಪಕ್ಷಪಾತ? ಅದನ್ನೂ ಚಿವುಟಿದೆ.

ಈಗ ಕೈಯಲ್ಲಿ ಒಂದು ಹಿಡಿ ಎಳೆಯ ಚಿಗುರು. ನಮ್ಮ ಕಡೆಯವರಿಗೆ ಒಂದು ಹಿಡಿ ಚಿಗುರು ಸಿಕ್ಕಿದರೆ ಕೈ ತನ್ನಿಂದ ತಾನೇ ತುಪ್ಪದ ಡಬ್ಬಿಯ ಕಡೆ ಹೋಗುತ್ತದೆ. ನಮ್ಮಜ್ಜಿ ಬೇಲಿಯ ಯಾವ ಗಿಡದ ಕುಡಿಯನ್ನೂ ಬಿಟ್ಟವರಲ್ಲ. ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ತೆಂಗಿನತುರಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದೆ. ಕುಡಿ ತಂಬುಳಿ! ಊಟ ಮುಗಿದ ಮೇಲೆ, "ಇದು ನಿಮ್ಮ ಗಿಡಗಳದ್ದೇ ಪ್ರಸಾದ" ಎಂದು ಘೋಷಿಸಿ ಅವರನ್ನು ಚಕಿತಗೊಳಿಸುವುದು ನನ್ನ ಯೋಜನೆಯಾಗಿತ್ತು.

ಅಬು ಸಲೀಂ ಹೊಸ ಮೊಣಕಾಲಿನಲ್ಲಿ ಸರಾಗವಾಗಿ ನಡೆದು ಬಂದರು. ನೇರ ಬಾಲ್ಕನಿಗೇ ಹೊರಟಿದ್ದವರನ್ನು, "ಮೊದಲು ಊಟ" ಎಂದು ಕೂರಿಸಿದೆ. ತಂಬುಳಿಯನ್ನು ಲೋಟದಲ್ಲಿ ಕೊಟ್ಟೆ. ಒಂದು ಗುಟುಕು ಕುಡಿದರು, ಕಣ್ಣು ಮುಚ್ಚಿದರು. "ತುಂಬ ಚೆನ್ನಾಗಿದೆ. ಏನೋ ಹಳೆಯ ನೆನಪು ಬರುತ್ತದೆ" ಎಂದು ಇನ್ನೊಂದು ಲೋಟ ಕೇಳಿದರು. ನಾನು ಗಾಳಿಯಲ್ಲಿ ತೇಲುತ್ತಿದ್ದೆ!

ಅಷ್ಟರಲ್ಲಿ ಡ್ಯೂಟಿ ಮುಗಿಸಿ ಶಶಿಕಲಾ ಬಂದಳು. ಒಂದು ಚಮಚ ಬಾಯಿಗೆ ಹಾಕಿಕೊಂಡವಳೇ ಹಿಂದಿಯಲ್ಲಿ ಕೇಳಿದಳು, "ಉಪ್ಪುಪ್ಪಾಗಿದೆಯಲ್ಲ, ಇದಕ್ಕೆ ಎಷ್ಟು ಉಪ್ಪು ಹಾಕಿದ್ದೀರಿ?"

ಆಗಲೇ ನನಗೆ ನೆನಪಾಯಿತು. "ಅಯ್ಯೋ, ಉಪ್ಪು ಹಾಕಲು ಮರೆತೇಬಿಟ್ಟೆ!"

ಅಬು ಸಲೀಂ ಅವರ ಲೋಟ ಬಾಯಿಯ ಹತ್ತಿರ ನಿಂತಿತು. ಲೋಟವನ್ನು ನೋಡಿದರು. ನನ್ನನ್ನು ನೋಡಿದರು. ಮೆಲ್ಲಗೆ ಲೋಟ ಕೆಳಗಿಟ್ಟು, ಎದ್ದು ಬಾಲ್ಕನಿಯ ಬಾಗಿಲು ತೆರೆದರು.

ನಲವತ್ತು ಸಸಿಗಳು. ಒಂದಕ್ಕೂ ತಲೆಯಿಲ್ಲ.

"ಅಪ್ಪಾ, ಯೂ ಕುಕ್ಡ್ ದೆಮ್?" ಎಂದಳು ನಿಧಿ.

"ಚಿವುಟಿದರೆ ಕವಲೊಡೆಯುತ್ತದೆ ಅಂತ ನನ್ನ ತಾಯಿ..." ಎಂದೆ. ಅಬು ಸಲೀಂ ಸಸಿಗಳ ಮುಂದೆ ಬಾಗಿದರು. ಒಂದು ಡಬ್ಬಿಯನ್ನೆತ್ತಿ, ಚಿವುಟಿದ ತುದಿಯನ್ನು ಬೆರಳಿನಿಂದ ಸವರಿದರು. ಅಪ್ಪನ ದೋಣಿ ಕಟ್ಟಿದ್ದ ಮರ! ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆರನೇ ಮಹಡಿಯಾದ್ದರಿಂದ ಐದನೇ ಮಹಡಿಗೆ ಬೀಳುತ್ತಿದ್ದೆ, ಅಷ್ಟೇ.

"ಎರಡು ಲೋಟ," ಎಂದರು ಕೊನೆಗೆ. "ನನ್ನ ಅಪ್ಪನ ಮರವನ್ನು ನಾನೇ ಎರಡು ಲೋಟ ಕುಡಿದೆ." ಹೇಳಿ, ಸಸಿಗಳನ್ನು ಗಾಡಿಗೆ ಹೊರಿಸಿಕೊಂಡು ಹೋದರು.

ಮುಂದಿನ ಶುಕ್ರವಾರ ಕಾಲ್ ಬರಲಿಲ್ಲ. ಅದರ ಮುಂದಿನ ಶುಕ್ರವಾರವೂ ಇಲ್ಲ. ನಾನು ಖಾಲಿ ಬಾಲ್ಕನಿಯಲ್ಲಿ ಬನಿಯನ್‌ಗಳ ನಡುವೆ ನಿಂತು ಸಮುದ್ರದ ಕಡೆ ನೋಡುತ್ತಿದ್ದೆ. ಕನಸು ಕೂಡ ಬರುತ್ತಿರಲಿಲ್ಲ. ಐದನೇ ಶುಕ್ರವಾರ ಫೋನು ರಿಂಗಣಿಸಿತು. ಪರದೆಯ ತುಂಬ ಒಂದು ಸಸಿ. ಚಿವುಟಿದ ಜಾಗದ ಎರಡೂ ಪಕ್ಕ ಎರಡು ಪುಟ್ಟ ಚಿಗುರು! "ಏಳು ಹೋದವು. ಉಳಿದವೆಲ್ಲ ಹೀಗೇ ಇವೆ. ನಿಮ್ಮ ತಾಯಿ ಹೇಳಿದ್ದು ಸರಿ. ಆದರೆ ನಿಮ್ಮ ತಾಯಿಯನ್ನು ಮಂಡಳಿಗೆ ಹಾಕಬೇಕಿತ್ತು" ಎಂದರು. ನಾನು ನಕ್ಕೆ. ಆಮೇಲೆ, ಹೇಳಲು ನಾಚಿಕೆ, ಅತ್ತೆ.

ಸಸಿಗಳನ್ನು ನೆಟ್ಟ ಮೇಲೆ ಮತ್ತೆ ಸಭೆ. ಅದೇ ದಿಂಬು, ಅದೇ ಹಲ್ವಾ, ಅದೇ ಕಿಟಕಿ. ಸುತ್ತ ಬೇಲಿ ಹಾಕುವ ವಿಷಯ ಚರ್ಚೆಯಾಗುತ್ತಿತ್ತೆಂದು ನೆನಪು. ಮರುದಿನ ನಡಾವಳಿಯ ಪ್ರತಿ ಫೋನಿಗೆ ಬಂತು. ಶಶಿಕಲಾ ಅದನ್ನು ಗಟ್ಟಿಯಾಗಿ ಓದಿದಳು:

"ಚಿಗುರು ತಿನ್ನುವ ಈ ಕೆಳಗಿನವರಿಗೆ ಬೇಲಿಯೊಳಗೆ ಪ್ರವೇಶವಿಲ್ಲ. ಒಂದು, ಆಡು. ಎರಡು, ಒಂಟೆ. ಮೂರು, ಸದಸ್ಯ ಸದಾನಂದ."

"ಇದು ಅನ್ಯಾಯ! ನಾನಲ್ಲೇ ಇದ್ದೆ, ಯಾರೂ ನನ್ನನ್ನು ಕೇಳಲೇ ಇಲ್ಲ" ಎಂದು ಎದ್ದುನಿಂತೆ.

"ಕೇಳಿದ್ದಾರೆ ಮಾರಾಯ್ರೆ, ಕೆಳಗೆ ಬರ್ದಿದ್ದಾರೆ" ಎಂದಳು ಅವಳು. "ಸರ್ವಾನುಮತದಿಂದ ಅಂಗೀಕಾರ. ಸದಸ್ಯ ಸದಾನಂದ ಮೂರು ಸಲ ತಲೆಯಾಡಿಸಿ ಅನುಮೋದಿಸಿದರು."